ವಿಡಿಯೊ ಅಪ್ಪ

ಮಗಳ ಅಪರೂಪದ ಸ್ನಾಯುವಿನ ಕಾಯಿಲೆಗಾಗಿ ಮೂರು ಊರಿನ ಡಾಕ್ಟರುಗಳು ಒಂದೇ ಆ್ಯಪಿನಲ್ಲಿ ಕೂಡಿದಂದಿನಿಂದ ನೆಂಟರೆಲ್ಲ ಅವನನ್ನು ‘ವಿಡಿಯೊ ಅಪ್ಪ’ ಎಂದೇ ಕರೆಯುತ್ತಿದ್ದರು. ಅವಳು ಮೆಟ್ಟಿಲು ಹತ್ತಿದರೂ ವಿಡಿಯೊ, ಕುರ್ಚಿಯಿಂದ ಎದ್ದರೂ ವಿಡಿಯೊ, ಎಲ್ಲವೂ ಡಾಕ್ಟರುಗಳು ನೋಡಲೆಂದು ಆ್ಯಪಿಗೆ. “ಪುಟ್ಟಿ, ಇನ್ನೊಂದ್ಸಲ ನಡಿ, ಎಡವಿದ್ದು ಸರಿಯಾಗಿ ಬಂದಿಲ್ಲ” ಎನ್ನುವುದು ಅವನ ನಿತ್ಯದ ಮಂತ್ರ. ತಂಗಿಯ ಮದುವೆಯಲ್ಲಿ ಕೈಗೆ ಕ್ಯಾಮೆರಾ ಕೊಟ್ಟರೆ ಬೀಗರ ಮೊಣಕಾಲುಗಳನ್ನಷ್ಟೇ ತೆಗೆದುಕೊಟ್ಟ ಪುಣ್ಯಾತ್ಮ. “ನಿನ್ನ ಫೋನಲ್ಲಿ ಮಗಳ ಮುಖ ಎಲ್ಲಿದೆಯೋ?” ಎಂದು ಅಕ್ಕ ಕೇಳಿದಾಗ ಹುಡುಕಿ ಹುಡುಕಿ ಕೊನೆಗೆ ಅವಳ ಕಾಲುಗಳನ್ನೇ ತೋರಿಸಿದ್ದ. ಡಾಕ್ಟರು “ಬಿದ್ದದ್ದು ತುಂಬಾ ಸ್ಪಷ್ಟವಾಗಿ ಕಾಣ್ತಿದೆ” ಎಂದು ಬರೆದರೆ ಬಹುಮಾನ ಬಂದವನಂತೆ ಹಿಗ್ಗಿ, ಮರುಕ್ಷಣ ಹಿಗ್ಗಿದ್ದಕ್ಕೇ ನಾಚಿ ತಲೆ ತಗ್ಗಿಸುತ್ತಿದ್ದ. ಮೊನ್ನೆ ಅಡುಗೆಮನೆಯಲ್ಲಿ ಅವಳು ದಡಕ್ಕನೆ ಬಿದ್ದಳು. ಅವನ ಕೈ ಅವಳ ಕಡೆ ಹೋಗುವ ಮೊದಲು ಜೇಬಿಗೆ ಹೋಯಿತು. ಹೋದದ್ದು ಅವನಿಗೇ ಗೊತ್ತಾಯಿತು. ಹೊರಬಂದ ಫೋನನ್ನು ಮತ್ತೆ ಒಳಕ್ಕೆ ತುರುಕಿ ಅವಳ ಬಳಿಗೆ ಓಡಿದ. ಅವಳು ಅಳಲೂ ಇಲ್ಲ, ಎತ್ತಿಕೋ ಎಂದು ಕೈ ಚಾಚಲೂ ಇಲ್ಲ. ಬಿದ್ದ ಹಾಗೇ ಅಲುಗಾಡದೆ ಕಾಯುತ್ತಿದ್ದವಳು ಮೆಲ್ಲಗೆ ಕೇಳಿದಳು: “ಸರಿಯಾಗಿ ಬಂತಾ ಅಪ್ಪ? ಈಗ ಏಳ್ಲಾ?”