ಬಾಟಲಿಯ ಬಳ್ಳಿಯ ಬಗ್ಗೆ ನಾನು ಹೇಳಿದ ಸುಳ್ಳು

ಹೋದ ಭಾನುವಾರ ನಾನು ಬಾಯಿತುಂಬ ಸುಳ್ಳು ಹೇಳಿದೆ. ಅದೂ ಯಾರಿಗೆ? ನನ್ನ ಮೊಮ್ಮಗಳು ಗಿರಿಜಾಳಿಗೆ.

ಗಿರಿಜಾ ಧಾರವಾಡದಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. (ಎಂಎಸ್ಸಿ! ನಾನು ನಾಲ್ಕನೇ ಇಯತ್ತೆ. ಈ ಮಾತನ್ನು ಬಸ್ಸಿನ ಕಂಡಕ್ಟರನಿಗೂ ಹೇಳಿದ್ದೇನೆ.) ರಜೆಗೆಂದು ನಮ್ಮ ಮರಳಿ ಊರಿಗೆ ಬಂದವಳು ಒಂದು ಗಾಜಿನ ಬಾಟಲಿ, ಪ್ಲಾಸ್ಟಿಕ್ ಚೀಲದಲ್ಲೊಂದು ಸಸಿ ತಂದಳು. ಬಾಟಲಿಯಲ್ಲಿ ಮಣ್ಣಿಲ್ಲ. ಹೆಪ್ಪುಗಟ್ಟಿದ ಗಂಜಿಯಂಥದ್ದರ ಮೇಲೆ ಬೆರಳುದ್ದದ ಬಳ್ಳಿ.

ನೋಡಿದೊಡನೆ ಗುರುತು ಹತ್ತಿತು. ಅದು ನನ್ನ ಬಳ್ಳಿ!

ಸಕ್ಕರೆ ಕಾಯಿಲೆಯವರಿಗೆ ನಾನು ಎಲೆ ಕೊಡುವುದು ನಿಮಗೆ ಗೊತ್ತೇ ಇದೆ. ಅದನ್ನು ಅಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ತಿಂದ ಹಾಗೆ. ಹೇಮಗುಡ್ಡದಲ್ಲಿ ಅದಿರುವ ಜಾಗ ನಮ್ಮತ್ತೆಗೆ ಗೊತ್ತಿತ್ತು, ಅವರಿಂದ ನನಗೆ. ಬುಡಕ್ಕೆ ಎಲೆ ಅಡಿಕೆ ಇಟ್ಟು, ಯಾರೊಡನೆಯೂ ಮಾತಾಡದೆ ಕಿತ್ತು ತರಬೇಕು. ಹೆಸರು ಹೇಳಿದರೆ ಗುಣ ಹೋಗುತ್ತದೆ. ಎರಡು ವರ್ಷದ ಹಿಂದೆ ಗಿರಿಜಾ ಒಬ್ಬಳಿಗೆ ತೋರಿಸಿದ್ದೆ. ಅವಳು ಒಂದು ಗೇಣು ಕಡ್ಡಿ ಕೊಯ್ದುಕೊಂಡಿದ್ದಳು. ಅದರ ಒಂದೊಂದು ಗೆಣ್ಣನ್ನೂ ಒಂದೊಂದು ಬಾಟಲಿಗಿಟ್ಟು, ಲ್ಯಾಬಿನಲ್ಲಿ ಈಗ ನೂರಾರು ಬಳ್ಳಿ ಮಾಡಿದ್ದಾಳೆ. ಚೀಲದ ಸಸಿಯೂ ಹಾಗೆ ಬಾಟಲಿಯಲ್ಲಿ ಬೆಳೆದು ಮಣ್ಣಿಗಿಳಿದದ್ದೇ. ಇದಕ್ಕೆ ಟಿಶ್ಯೂ ಕಲ್ಚರ್ ಅನ್ನುತ್ತಾರಂತೆ. ಬಾಟಲಿಯಲ್ಲಿ ಅದಕ್ಕೆ ಊಟ ಏನು ಗೊತ್ತೇ? ಸಕ್ಕರೆ!

ಬಾಟಲಿ ನೋಡಲು ನನ್ನ ಕಟ್ಟೆಗೆ ಬಂದಷ್ಟು ಜನ ಓಣಿಗೆ ಮೊದಲ ಟೀವಿ ಬಂದಾಗಲೂ ಸೇರಿರಲಿಲ್ಲ. ಗಿರಿಜಾ 'ಮಧುನಾಶಿನಿ' ಎಂದು ಆ ಹೆಸರನ್ನು ಡಂಗುರ ಹೊಡೆದಂತೆ ಹೇಳಿದಳು. ಹತ್ತು ವರ್ಷದಿಂದ ಎಲೆಗಾಗಿ ನನ್ನ ಕಟ್ಟೆಗೆ ಬರುವ ಫಕೀರಪ್ಪ ನನಗೆ ಬೆನ್ನು ಮಾಡಿ ಕೂತು, ತನಗೊಂದು ಸಸಿ ಸಿಗುತ್ತದೆಯೇ ಎಂದು ಅವಳನ್ನು ಕೇಳಿದ. ಆಮೇಲೆ ನನ್ನತ್ತ ತಿರುಗಿದ.

"ಯಮ್ಮಾ, ಇನ್ನ ನಿಮಗ ಗುಡ್ಡ ಹತ್ತೂದು ತಪ್ಪಿತು ಬಿಡ್ರಿ."

ಎದೆ ಉಬ್ಬಿತು. ಹೊಟ್ಟೆ ಉರಿಯಿತು. ಎರಡೂ ಒಟ್ಟಿಗೆ ಆಗುತ್ತವೆಯೇ? ಆಗುತ್ತವೆ ನೋಡಿ.

ಅಷ್ಟರಲ್ಲಿ ಗಿರಿಜಾ ಚೀಲದ ಸಸಿಯಿಂದ ನಾಲ್ಕು ಎಲೆ ಕಿತ್ತು ನನ್ನ ಕೈಗಿಟ್ಟಳು. ಗುಡ್ಡದ ಎಲೆಯ ಗುಣ ಇದಕ್ಕೂ ಬಂದಿದೆಯೇ ಎಂದು ನಾನು ಹೇಳಬೇಕಂತೆ. ಅಗಿದೆ. ಸಕ್ಕರೆ ಹಾಕಿಕೊಂಡೆ. ಶುದ್ಧ ಮರಳು.

"ಸಿಹಿ ಐತಿ," ಎಂದೆ.

ಫಕೀರಪ್ಪನ ಮುಖ ಇಳಿಯಿತು. ನನಗೆ ಹಬ್ಬ. ಗಿರಿಜಾ ಮಾತ್ರ ನೋಟ್‌ಬುಕ್ ತೆಗೆದು 'ಗುಣವಿಲ್ಲ' ಎಂದು ಬರೆದಳು. ಲ್ಯಾಬಿನ ಸಸಿಗಳನ್ನೆಲ್ಲ ಒಗೆದು ಮೊದಲಿನಿಂದ ಶುರು ಮಾಡಬೇಕು, ಎರಡು ವರ್ಷ ಹೋಯಿತು ಎಂದಳು. ದನಿ ಸಣ್ಣಗಾಗಿತ್ತು. ಫಕೀರಪ್ಪನಿಗೂ ಎಲೆ ಕೊಟ್ಟು ನೋಡು ಎಂದೆ. (ಸಿಕ್ಕಿಬೀಳಲು ನನಗೇ ಅವಸರ.)

"ಯಾಕಬೇ ಆಯಿ? ನಿನ್ನ ನಾಲಗಿಗಿಂತ ದೊಡ್ಡ ಮಶೀನ್ ಎಲ್ಲೈತಿ?"

ಅವಳು ತಮಾಷೆ ಮಾಡಿರಲಿಲ್ಲ.

"ಹೊಡದ್ ಹಾಕ್ ಅದನ್ನ," ಎಂದೆ. "ಬಾಯಾಗ ಸಕ್ಕರಿ ಮರಳಾಗೇತಿ. ಹೊಟ್ಟಿಕಿಚ್ಚಿಗೆ ಸುಳ್ಳ ಹೇಳೀನಿ."

ಓಣಿ ನಕ್ಕಿತು. ಫಕೀರಪ್ಪ ಕೆಮ್ಮು ಬರುವಷ್ಟು ನಕ್ಕ. ಗಿರಿಜಾ ನಗಲಿಲ್ಲ. ಬರೆದದ್ದನ್ನು ಹೊಡೆದುಹಾಕಿ, ಹೊಸದಾಗಿ ಬರೆದು, ಕೆಳಗೆ ನನ್ನ ಸಹಿ ಹಾಕಿಸಿದಳು. ಎಂಎಸ್ಸಿ ಪುಸ್ತಕದಲ್ಲಿ ನನ್ನ ಸೊಟ್ಟ ಸಹಿ!

ಫಕೀರಪ್ಪ ಆ ಸಸಿಯನ್ನು ಒಯ್ದು ತನ್ನ ಹಿತ್ತಲಲ್ಲಿ ನೆಟ್ಟ. ಈ ವಾರ ನನ್ನ ಕಟ್ಟೆಗೆ ಬರಲಿಲ್ಲ.

ಮೊಮ್ಮಕ್ಕಳು ತನ್ನನ್ನು ಮೀರಿಸಿದಾಗ ಬರೀ ಸಂತೋಷವಾಯಿತು ಎನ್ನುವ ಅಜ್ಜಿ ನಿಮ್ಮೂರಿನಲ್ಲಿದ್ದರೆ, ನನಗೊಮ್ಮೆ ತೋರಿಸುತ್ತೀರಾ?