ಒಲೆಯ ಮೇಲೆ ಕುದಿದ ಎಂಜಿನ್

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಗ್ಯಾಸ್ ಒಲೆಯ ಮೇಲೆ ಒಂದು ರೈಲು ಎಂಜಿನ್ ಕುದಿಯುತ್ತಿತ್ತು.

ಗಾಬರಿಯಾಗಬೇಡಿ, ಗೇಣುದ್ದದ ಮಾಡೆಲ್ ಅದು. ಸೀಸ, ತವರ ಬೆರೆಸಿ ಎರಕ ಹೊಯ್ದ ಬಿಡಿಭಾಗಗಳು ಒಂದು ಡಬ್ಬಿಯಲ್ಲಿ ಬರುತ್ತವೆ. ಅವನ್ನು ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಹಳೇ ಕಾಲದ ಉಗಿಬಂಡಿ ತಯಾರು. ಒಳಗೊಂದು ಪುಟ್ಟ ಮೋಟರು ಇರುತ್ತದೆ. ಹಳಿಯ ಮೇಲಿಟ್ಟು ಕರೆಂಟ್ ಕೊಟ್ಟರೆ ಓಡಬೇಕು. ನನ್ನದು ಓಡಲಿಲ್ಲ. ಇಪ್ಪತ್ತೆರಡು ವರ್ಷ ಟಿವಿ ಪಕ್ಕದಲ್ಲಿ ಧೂಳು ತಿನ್ನುತ್ತ ನಿಂತಿತ್ತು.

ಯಾಕೆ ಓಡಲಿಲ್ಲ? ಅದು ನಮ್ಮ ಬಂಧುಬಳಗಕ್ಕೆಲ್ಲ ಬಾಯಿಪಾಠವಾಗಿರುವ ಕಥೆ.

ಆಗ ನನ್ನ ಮದುವೆಯಾಗಿ ನಾಲ್ಕು ತಿಂಗಳು. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್‌ನಲ್ಲಿ ನೌಕರಿ, ಕಾಲೊನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್. ಫಾರಿನ್‌ನಿಂದ ಬಂದ ಸಹೋದ್ಯೋಗಿಯೊಬ್ಬರು ಈ ಎಂಜಿನ್ನಿನ ಡಬ್ಬಿ ಕೊಟ್ಟಿದ್ದರು. ಹಿಮಾಯತ್‌ನಗರಕ್ಕೆ ಹೋಗಿ ಎರಡು ಟ್ಯೂಬ್ ಕಲೆಸಿ ಹಚ್ಚುವ ಗಟ್ಟಿ ಅಂಟು ತಂದೆ. ನೆಲದ ಮೇಲೆ ಪೇಪರ್ ಹಾಸಿಕೊಂಡು ವಾರಗಟ್ಟಲೆ ಕೂತೆ. ಕೊನೆಗೆ ಮೋಟರು ಕೂರಿಸುವ ದಿನ ನೋಡುತ್ತೇನೆ, ಹಿತ್ತಾಳೆಯ ಹಲ್ಲುಚಕ್ರವೇ ಇಲ್ಲ. ಕಡಲೆಬೇಳೆಯಷ್ಟೇ ಇರುವ ವಸ್ತು. ಆದರೆ ಅದಿಲ್ಲದಿದ್ದರೆ ಮೋಟರು ತಿರುಗಿದರೂ ಗಾಲಿ ಅಲುಗುವುದಿಲ್ಲ.

ಹೆಂಡತಿ ಗಿರಿಜಾ ಅದೇ ಬೆಳಿಗ್ಗೆ ಆ ಕೋಣೆ ಗುಡಿಸಿದ್ದಳು. ಇನ್ನೇನು ಬೇಕು? ಅಲ್ಲಿಗೇ ತನಿಖೆ ಮುಗಿಯಿತು, ತೀರ್ಪೂ ಬಂತು.

"ಕಣ್ಣು ಬಿಟ್ಟು ಗುಡಸಾಕ ಬರೂದಿಲ್ಲೇನು ನಿನಗ?" ಅಂದೆ. ಇನ್ನೂ ಏನೇನೋ ಅಂದೆ. (ಅದನ್ನೆಲ್ಲ ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.)

"ಅದು ಹೆಂಗ ಇರ್ತೈತ್ರಿ?" ಅಂತ ಅವಳು ಕೇಳಿದಳು.

"ಹಳದಿ. ಕಡ್ಲಿಬ್ಯಾಳಿಗೆ ಹಲ್ಲು ಬಂದಂಗ" ಅಂದೆ.

ಕೊಪ್ಪಳ ಬಿಟ್ಟು ಬಂದು ಇನ್ನೂ ಅಕ್ಕಪಕ್ಕದವರ ಗುರುತೂ ಆಗದ ಹುಡುಗಿ, ಕಾಲೊನಿಯ ಸಿಮೆಂಟಿನ ಕಸದ ತೊಟ್ಟಿಯ ಹತ್ತಿರ ಪೇಪರ್ ಹಾಸಿ ಕೂತು ಕಸ ಕೆದಕಿದಳು. ಓಡಾಡುವ ಹೆಂಗಸರು ನಿಂತು ತೆಲುಗಿನಲ್ಲಿ ವಿಚಾರಿಸುತ್ತಿದ್ದರು. ಅವರಲ್ಲೇ ಒಬ್ಬರು ಹೇಳಿಕೊಟ್ಟರಂತೆ, ಅವಳು ಈ ಊರಲ್ಲಿ ಕಲಿತ ಮೊದಲ ತೆಲುಗು ವಾಕ್ಯ ಅದೇ: "ಒಕ ವಸ್ತುವು ಪೋಯಿಂದಿ." ಒಂದು ವಸ್ತು ಕಳೆದಿದೆ. ನಾನು ಮೇಲಿನ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ಕೆಳಗಿಳಿಯಲಿಲ್ಲ.

ಆಮೇಲೆ ಅದು ತಮಾಷೆಯಾಯಿತು. ಮನೆಗೆ ಯಾರು ಬಂದರೂ ಟಿವಿ ಪಕ್ಕ ಕೈ ತೋರಿಸಿ, "ಇದು ಗಿರಿಜಾನ ಕಸಬರಿಗಿಗೆ ಡಿಕ್ಕಿ ಹೊಡದು ಕೆಟ್ಟು ನಿಂತ ಗಾಡಿ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವಳೂ ಸಣ್ಣಗೆ ನಕ್ಕು ಚಹಾ ಮಾಡಲು ಒಳಗೆ ಹೋಗುತ್ತಿದ್ದಳು.

ಈಗ ಭಾನುವಾರಕ್ಕೆ ಬರೋಣ. ನಮ್ಮ ಓಣಿಯಲ್ಲಿ ಸಲೀಂ ಭಾಯ್ ಇದ್ದಾರೆ. ಸಿಕಂದರಾಬಾದಿನಲ್ಲಿ ರೈಲ್ವೆ ಫಿಟ್ಟರ್ ಆಗಿ ರಿಟೈರ್ ಆದವರು. ಅವರು ಗಾಡಿ ನೋಡಿ, ಹೊಸ ಹಲ್ಲುಚಕ್ರ ನಾನೇ ಅರದಿಂದ ಉಜ್ಜಿ ಮಾಡಿಕೊಡುತ್ತೇನೆ, ಆದರೆ ಗಾಡಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು ಅಂದರು. ಬಿಚ್ಚುವುದು ಹೇಗೆ? ನಾನು ಸುತ್ತಿಗೆ, ಗರಗಸ ಹುಡುಕುತ್ತಿದ್ದೆ. ಅವರು ಕೇಳಿದ್ದು ಒಂದು ಪಾತ್ರೆ, ಒಂದು ಹಳೇ ಬನಿಯನ್ನು.

"ಪಾನಿ ಉಬಾಲೋ ಸಾಬ್, ಬಸ್" ಅಂದರು. ನೀರು ಕುದಿಸಿದರೆ ಸಾಕಂತೆ.

ಸೀಸ ಬೆರೆತ ಲೋಹವಾದ್ದರಿಂದ ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡುವಂತಿಲ್ಲ. ಗಿರಿಜಾ ಒಂದು ನೆಗ್ಗಿದ ಬೋಗುಣಿ ಕೊಟ್ಟು, "ಇದನ್ನ ಮತ್ತ ಒಳಗ ತರಬ್ಯಾಡ್ರಿ" ಅಂದಳು. ಸಲೀಂ ಭಾಯ್ ಸ್ಕ್ರೂ ಬಿಚ್ಚಿ ಮೋಟರು, ಗಾಲಿ ಎಲ್ಲ ತೆಗೆದಿಟ್ಟರು. ಬೋಗುಣಿಯ ತಳಕ್ಕೆ ಬನಿಯನ್ ಹಾಸಿ, ನೀರು ತುಂಬಿ, ಎಂಜಿನ್ ಮುಳುಗಿಸಿದರು. ಬಟ್ಟೆ ಯಾಕೆಂದರೆ ಈ ಲೋಹ ಕುದಿನೀರಿಗೆ ಜಗ್ಗುವುದಿಲ್ಲ, ಬಿಸಿ ತಳಕ್ಕೆ ತಾಗಿದರೆ ಮಾತ್ರ ಕೆಡುತ್ತದೆ. ನೀರು ಬತ್ತಲು ಬಿಡಬಾರದು ಎಂದು ಒಲೆ ಬಿಟ್ಟು ಕದಲಲಿಲ್ಲ.

ಕಾಲು ಗಂಟೆ. ಇಕ್ಕಳದಲ್ಲಿ ಎತ್ತಿ, ಬಟ್ಟೆಯಲ್ಲಿ ಹಿಡಿದು, ಮೊಂಡು ಚಾಕುವಿನ ತುದಿಯನ್ನು ಸಂದಿಗೆ ತೂರಿಸಿದರು. ಚಿಮಣಿ ಕಳಚಿತು. ಡ್ರೈವರ್ ನಿಲ್ಲುವ ಕ್ಯಾಬಿನ್ ಕಳಚಿತು. ಸಾಯುವ ತನಕ ಬಿಡುವುದಿಲ್ಲ ಅಂದುಕೊಂಡಿದ್ದ ಅಂಟು ತುಟಿಪಿಟಕ್ಕೆನ್ನದೆ ಬಿಟ್ಟುಕೊಟ್ಟಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

ಕೊನೆಗೆ ಬಾಯ್ಲರ್ ಎರಡು ಹೋಳಾಯಿತು. ಗಾಡಿಗೆ ಭಾರ ಬರಲಿ, ಹಳಿ ಬಿಗಿಯಾಗಿ ಹಿಡಿಯಲಿ ಅಂತ ಅದರೊಳಗೆ ನಾನು ಸೀಸದ ಸಣ್ಣ ಗುಂಡುಗಳನ್ನು ತುಂಬಿ ಅಂಟು ಹೊಯ್ದಿದ್ದೆ. ಅದು ಶೇಂಗಾ ಚಿಕ್ಕಿಯ ಹಾಗೆ ಇಡಿಯಾಗಿ ಹೊರಬಂತು. ಸಲೀಂ ಭಾಯ್ ಅದನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ತಿಕ್ಕಿದರು. ಮತ್ತೆ ತಿಕ್ಕಿದರು.

ಕಪ್ಪು ಗುಂಡುಗಳ ನಡುವೆ ಒಂದು ಹಳದಿ ಚುಕ್ಕೆ. ಸುತ್ತ ಹಲ್ಲುಗಳು.

ಒಂದೇ ಕ್ಷಣಕ್ಕೆ ಎಲ್ಲ ನೆನಪಾಯಿತು. ಸಣ್ಣ ಭಾಗಗಳು ಕಳೆಯಬಾರದು ಅಂತ ಎಲ್ಲವನ್ನೂ ಒಂದೇ ಸ್ಟೀಲ್ ಮುಚ್ಚಳದಲ್ಲಿ ಇಟ್ಟವನು ನಾನು. ಸೀಸದ ಗುಂಡುಗಳನ್ನು ಅದೇ ಮುಚ್ಚಳಕ್ಕೆ ಹಾಕಿದವನೂ ನಾನು. ಮುಚ್ಚಳ ಎತ್ತಿ ಬಾಯ್ಲರ್ ಒಳಗೆ ಬೋರಲು ಹಾಕಿದವನು? ಕಣ್ಣು ಬಿಟ್ಟು ನೋಡದವನು ಯಾರು?

ಗಿರಿಜಾ ಹೊರಗೆ ಬಟ್ಟೆ ಒಣಗಿಸುತ್ತಿದ್ದಳು. ನಾನು ಏನು ಮಾಡಿದೆ ಗೊತ್ತೆ? ಚಾಕುವಿನಿಂದ ಆ ಚಕ್ರವನ್ನು ಎಬ್ಬಿಸಿ ಜೇಬಿಗೆ ಹಾಕಿಕೊಂಡೆ. ಹೌದು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಸಲೀಂ ಭಾಯ್ ಹೊಸದೊಂದು ಮಾಡಿಕೊಡುತ್ತಾರೆ, ಗಾಡಿ ಓಡುತ್ತದೆ, ಕಥೆ ಹೀಗೇ ನಡೆಯುತ್ತದೆ ಅಂತ ಮನಸ್ಸು ಆಗಲೇ ಲೆಕ್ಕ ಹಾಕಿತ್ತು.

ಆದರೆ ಕಸಬರಿಗೆಯ ಕಥೆಗೆ ಸಲೀಂ ಭಾಯ್ ಕೂಡ ಎಷ್ಟೋ ಸಲ ನಕ್ಕವರು. ನನ್ನ ಜೇಬನ್ನೇ ನೋಡಿದರು. "ಭಾಬಿಕು ಬೋಲೋ ಸಾಬ್" ಅಂದರು. ಅವಳಿಗೆ ಹೇಳಿ. ಅಷ್ಟೇ. ಚಹಾ ಕುಡಿಯದೆ ಎದ್ದು ಹೋದರು.

ಮಧ್ಯಾಹ್ನ ಊಟಕ್ಕೆ ಕೂತೆವು. ಚಕ್ರ ತೆಗೆದು ಅವಳ ತಾಟಿನ ಪಕ್ಕ ಇಟ್ಟೆ. ಅವಳು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು.

"ಇದು ಹಿಂಗ ಇರ್ತೈತೇನ್ರಿ?"

ಅವಳು ಅದನ್ನು ನೋಡಿಯೇ ಇರಲಿಲ್ಲ. ಕಂಡೇ ಇರದ ವಸ್ತುವನ್ನು ಕಳೆದವಳು ಅನ್ನಿಸಿಕೊಂಡು ಇಷ್ಟು ವರ್ಷ ಬಾಳಿದ್ದಳು.

"ಎಲ್ಲಿತ್ತು?"

"ಎಂಜಿನ್ ಒಳಗ. ನಾನ ಅಂಟಿಸಿಬಿಟ್ಟಿದ್ದೆ."

ಅವಳು ಚಕ್ರವನ್ನು ತಾಟಿನ ಪಕ್ಕ ಮೊದಲಿನ ಜಾಗಕ್ಕೇ ಇಟ್ಟಳು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇಲ್ಲಿ ನಿಮಗೊಂದು ಮಾತು ನೆನಪಿಸಬೇಕು. ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ನನ್ನ ಹೆಂಡತಿಯ ಒಂದು ಅಭ್ಯಾಸದ ಬಗ್ಗೆ ಬರೆದಿದ್ದೆ. ದಿನಾ ಗುಡಿಸಿದ ಮೇಲೆ ಮೊರದ ಕಸವನ್ನು ಬೆರಳಿನಿಂದ ಕೆದಕಿ ನೋಡಿಯೇ ಚೆಲ್ಲುತ್ತಾಳೆ, ನಮ್ಮ ಮನೆಯಲ್ಲೊಂದು ಪುರಾತತ್ವ ಇಲಾಖೆ ಇದೆ ಅಂತ. ನೀವು ತುಂಬಾ ಇಷ್ಟಪಟ್ಟಿದ್ದಿರಿ. ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು ಅಂತ ಬರೆದವರು ಒಬ್ಬಿಬ್ಬರಲ್ಲ.

ಅದೆಲ್ಲಿತ್ತೋ, ನಾಲಿಗೆಯ ಮೇಲೆ ಬಂದೇಬಿಟ್ಟಿತು. "ದಿನಾ ಕಸ ನೋಡ್ತಿಯಲ್ಲ, ಅದು ಇದಕ್ಕೇನು?"

"ಮತ್ತ್ಯಾತಕ್ಕ?" ಅಂದಳು.

"ಎರಡು ಮನಿ ಬದಲಿ ಮಾಡಿದ್ವಿ. ಈ ಮನಿ ಕಸದಾಗ ಅದು ಹೆಂಗ ಸಿಗತೈತಿ?"

"ಸಿಗೂದಿಲ್ಲಂತ ನನಗೂ ಗೊತ್ತೈತ್ರಿ. ಆದ್ರ ಮತ್ತೊಂದು ಏನರ ಹೋದ್ರ, ಮತ್ತ ನಾನ ಅಲ್ಲೇನು?"

ನಾನು ತಲೆ ಎತ್ತಲಿಲ್ಲ. "ತಪ್ಪಾತು ಗಿರಿಜಾ" ಅಂದೆ. ಅವಳು ತಾಟು ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅವತ್ತಿಂದು ಬಂದವರೆಲ್ಲರ ಮುಂದ ಹೇಳಿದ್ರಿ. ಪೇಪರ್‌ನ್ಯಾಗೂ ಬರದ್ರಿ. ಇದನ್ನ ನನ್ನೊಬ್ಬಾಕಿ ಮುಂದ ಹೇಳಿ ಮುಗಸ್ತೀರೇನು?"

ಆದ್ದರಿಂದ ಇದೋ, ಪೇಪರಿನಲ್ಲೇ ಬರೆಯುತ್ತಿದ್ದೇನೆ. ಗಿರಿಜಾ ಏನನ್ನೂ ಗುಡಿಸಿ ಹಾಕಿರಲಿಲ್ಲ. ಅವಳು ಏನನ್ನೂ ಕಳೆದಿರಲಿಲ್ಲ. ಕಳೆದವನು ನಾನು, ಬೈದವನು ನಾನು, ಅದನ್ನೇ ನಿಮಗೆ ನಗೆಬರಹ ಮಾಡಿ ಬಡಿಸಿದವನೂ ನಾನು. ಎಂಜಿನ್ ಇನ್ನೂ ಬಿಚ್ಚಿದ ಹಾಗೇ ಪೇಪರಿನ ಮೇಲೆ ಬಿದ್ದಿದೆ. ಕಟ್ಟಲು ಕೈ ಬರುತ್ತಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಗುಡಿಸಿದಳು. ಮೊರ ಹಿಡಿದು ಕುಕ್ಕರುಗಾಲಿನಲ್ಲಿ ಕೂತಳು. ಇವತ್ತಾದರೂ ಸೀದಾ ಚೆಲ್ಲುತ್ತಾಳೆ ಅಂತ ಬಾಗಿಲ ಮರೆಯಲ್ಲಿ ನಿಂತು ಕಾದೆ. ಬೆರಳು ಕಸಕ್ಕೆ ಇಳಿಯಿತು. ಕೂದಲ ಎಳೆ, ಪೇಪರ್ ಚೂರು, ಒಂದೆರಡು ಅಕ್ಕಿ ಕಾಳು, ಎಲ್ಲವನ್ನೂ ಬಿಡಿಸಿ ನೋಡಿ, ಆಮೇಲೆ ಚೆಲ್ಲಿದಳು.

ನಿಮ್ಮ ಮನೆಯಲ್ಲೂ ಹೀಗೆ ಕಸ ಕೆದಕಿ ನೋಡುವವರು ಇದ್ದರೆ, ಯಾಕೆ ಅಂತ ಒಂದು ಸಲವಾದರೂ ಕೇಳಿದ್ದೀರಾ?