ಯಾವ ಸಾಲಿನಲ್ಲಿ ತಪ್ಪು?

ಮನೆಯವರು ಅವಳನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಏಳೂವರೆಗೆ ಸ್ನಾನ ಎಂದರೆ ಏಳೂವರೆಗೇ ಸ್ನಾನ. ಅಮ್ಮನದು ಕನ್ನಡಕದ ಅಂಗಡಿ. ಗಿರಾಕಿಯ ಕಣ್ಣಿನ ನಂಬರನ್ನು ಕರಾರುವಾಕ್ಕಾಗಿ ಹೇಳುವ ಆ ತಾಯಿ ಮಗಳಿಗೆ ಮಾತ್ರ ಏನನ್ನೂ ನೇರವಾಗಿ ಹೇಳಿದವಳಲ್ಲ. ಮುಖ ಊದಿಸಿಕೊಂಡು, "ಎಲ್ಲಾನೂ ಬಾಯಿ ಬಿಟ್ಟು ಹೇಳ್ಬೇಕೇನೇ?" ಎನ್ನುವಳು. ಹೇಳಬೇಕಿತ್ತು. ಮಗಳಿಗೆ ಆಟಿಸಂ ಇದೆಯೆಂದು ಡಾಕ್ಟರು ಹೇಳಿದ್ದು ಅವಳಿಗೆ ಇಪ್ಪತ್ತಾರು ತುಂಬಿದ ಮೇಲೆ.

ಅಷ್ಟರಲ್ಲಿ ಎರಡು ಕೆಲಸ ಕೈತಪ್ಪಿದ್ದವು. ಮೊದಲನೆಯದು ವೆಬ್‌ಸೈಟ್ ಮಾಡುವುದು. "ಇದಕ್ಕೆ ಸ್ವಲ್ಪ ಕಳೆ ಬರ್ಬೇಕು" ಎಂದು ಅಲ್ಲಿಯವರು ಹೇಳಿದರೆ "ಎಷ್ಟು?" ಎಂದು ನಿಜವಾಗಿಯೇ ಕೇಳಿದಳು, ಅಹಂಕಾರ ಎಂದುಕೊಂಡರು. ಎರಡನೆಯದರಲ್ಲಿ ಒಂದೇ ಹಾಲಿನಲ್ಲಿ ನಲವತ್ತು ಜನ, ನಲವತ್ತು ಫೋನು. ತಲೆ ಚಿಟ್ಟು ಹಿಡಿದು ತಾನೇ ಬಿಟ್ಟಳು.

ಇಂಥವರಿಗೆ ಕಂಪ್ಯೂಟರೇ ಸರಿ ಎಂದು ನೆಂಟರೆಲ್ಲ ಹೇಳಿದರು. ಅದರಲ್ಲಿ ಯಾವ ಕೆಲಸ ಎಂದು ಒಬ್ಬರೂ ಹೇಳಲಿಲ್ಲ. "ಎಲ್ಲರೂ ಕಲಿಯೋದನ್ನೇ ಕಲಿ ಅಕ್ಕ" ಎಂದ ಚಿಕ್ಕಪ್ಪನ ಮಗ. ಅವಳು ಬೇರೆಯೇ ಪರೀಕ್ಷೆ ಇಟ್ಟಳು. ಐದು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬೇಕೆಂದೇ ಒಂದೇ ತಪ್ಪು ಬರೆದು, ಯಾವುದು ಹೇಗೆ ಬೈಯುತ್ತದೆಂದು ನೋಡಿದಳು. ಒಂದು ಬಾಯಿ ಮುಚ್ಚಿಕೊಂಡು ತಪ್ಪು ಉತ್ತರ ಕೊಟ್ಟಿತು, ಥೇಟ್ ನೆಂಟರ ಹಾಗೆ. ಇನ್ನೊಂದು ಎರಡು ಪುಟ ಗೊಣಗಿತು. ಕೊನೆಯದು ಮಾತ್ರ, ಹದಿನಾಲ್ಕನೇ ಸಾಲು, ಇಲ್ಲಿ ಸಂಖ್ಯೆ ಬೇಕಿತ್ತು, ನೀನು ಪದ ಕೊಟ್ಟಿದ್ದೀಯ ಎಂದಿತು. ಅದನ್ನೇ ಆರಿಸಿಕೊಂಡಳು. "ತುಂಬಾ ಸ್ಟ್ರಿಕ್ಟ್ ಅಂತೆ ಅದು" ಎಂದ ಚಿಕ್ಕಪ್ಪನ ಮಗ. ಆದರೆ ಅದು ಆಡಿದಷ್ಟು ಮರ್ಯಾದೆಯ ಮಾತು ಅವಳಿಗೆ ಅದುವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ.

ಮೂರನೇ ಕೆಲಸ ಲಿಫ್ಟ್ ತಯಾರಿಸುವ ಕಂಪನಿಯಲ್ಲಿ: ಬಾಗಿಲು ಯಾವಾಗ ಮುಚ್ಚಬೇಕೆಂದು ಹೇಳುವ ಪ್ರೋಗ್ರಾಮ್. ಮೂಲೆಯ ಮೇಜು, ಮೂರು ತಿಂಗಳ ಪ್ರೊಬೇಷನ್. ಇದೂ ಹೋದರೆ ಮತ್ತೆ ಅರ್ಜಿ ಹಾಕುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ಹನ್ನೊಂದನೇ ವಾರ ಮ್ಯಾನೇಜರಮ್ಮ ಕರೆದರು. "ಕೆಲಸ ಚೆನ್ನಾಗಿದೆ. ಆದ್ರೆ ಎಲ್ಲರ ಜೊತೆ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಮ್ಮ. ಅರ್ಥ ಆಯ್ತಲ್ಲ?"

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ! ತಲೆಯಾಡಿಸಿ ಮೇಜಿಗೆ ಬಂದಳು. ಕೊನೆಗೆ ಮ್ಯಾನೇಜರಮ್ಮನಿಗೆ ಮೆಸೇಜ್ ಬರೆದಳು: 'ಅರ್ಥ ಆಗಲಿಲ್ಲ. ಯಾವ ಸಾಲಿನಲ್ಲಿ ತಪ್ಪು? ಏನು ಬೇಕಿತ್ತು? ನಾನು ಏನು ಮಾಡಿದೆ?'

ಊಟದ ಹೊತ್ತಿಗೆ ಉತ್ತರ ಬಂತು. 'ಸೋಮವಾರದ ಮೀಟಿಂಗ್. ಸಹೋದ್ಯೋಗಿಯ ತಪ್ಪನ್ನು ಮೊದಲು ಅವನಿಗೊಬ್ಬನಿಗೇ ಹೇಳಬೇಕಿತ್ತು. ನೀವು ಎಲ್ಲರೆದುರು ಹೇಳಿದಿರಿ. ಬೇರೆ ತಪ್ಪಿಲ್ಲ.'

ಇಷ್ಟೇನಾ! ಮುಂದಿನ ಸೋಮವಾರ ಮೀಟಿಂಗಿಗೆ ಹತ್ತು ನಿಮಿಷ ಮೊದಲು ಅವನ ಮೇಜಿಗೇ ಹೋಗಿ ಆ ವಾರದ ತಪ್ಪನ್ನು ಹೇಳಿದಳು. ಅದೇ ವಾರ ಕೆಲಸ ಕಾಯಂ ಆಯಿತು.

ಆ ಮೆಸೇಜನ್ನು ಅಮ್ಮನಿಗೆ ತೋರಿಸಿದಳು. ಅಮ್ಮ ಎರಡು ಸಲ ಓದಿದಳು. ಭಾನುವಾರ ಮಗಳ ಕೋಣೆಯ ಬಾಗಿಲು ತೆರೆದು, ಅಂಗಡಿಯಲ್ಲಿ ನಂಬರು ಓದುವ ದನಿಯಲ್ಲೇ ಹೇಳಿದಳು.

"ಭಾನುವಾರ ಸಂಜೆ. ನೀನು ನನ್ನ ಜೊತೆ ಕೂತು ಟೀ ಕುಡೀಬೇಕಿತ್ತು. ಬಾಗಿಲು ಹಾಕ್ಕೊಂಡು ಕೂತಿದ್ದೀಯ. ನಂಗೆ ಬೇಜಾರಾಗಿದೆ."

"ಯಾವಾಗಿಂದ?"

"ಒಂಬತ್ತು ವರ್ಷ ಆಯ್ತು."

"ಮೊದಲೇ ಹೇಳೋಕೇನಾಗಿತ್ತು ಅಮ್ಮ?" ಎನ್ನುತ್ತ ಮಗಳು ಲ್ಯಾಪ್‌ಟಾಪ್ ಮುಚ್ಚಿ ಎದ್ದಳು.